ನೀಲವ್ವ ಬಣ್ಣ ಬಿಟ್ಟಾಗ

ನಾನು ಮೊದಲು ಬೈದದ್ದು ಎಲ್‌ಇಡಿ ದೀಪಕ್ಕೆ. ಹದಿನೈದು ದಿನದ ಹಿಂದಷ್ಟೇ ಗಾಜಿನ ಗೂಡಿನ ಮೇಲೆ ಅಂಟಿಸಿದ್ದ ಪಟ್ಟಿ ದೀಪ ಅದು. ಬಿಸಿಲಿಗೆ ಒಣಹಾಕಿ ಮರೆತ ಸೀರೆ ಬಣ್ಣ ಬಿಡುತ್ತದಲ್ಲ, ಹಾಗೇ ಇವಳ ಬಣ್ಣವೂ ಹೋಯಿತು ಅಂದುಕೊಂಡೆ. ಆಮೇಲೆ ಬೈದುಕೊಂಡದ್ದು ನನ್ನನ್ನೇ. ಮೂರು ತಿಂಗಳು ಉಪವಾಸ ಕೂತಿದ್ದ ನೀಲವ್ವ ಪೊರೆ ಬಿಟ್ಟು ಹೊರಗೆ ಬಂದಿದ್ದಳು, ಮೈಮೇಲೆ ನೀಲಿ ಇರಲಿಲ್ಲ. ಪೂರ್ತಿ ಇರಲಿಲ್ಲ ಅಂತಲ್ಲ. ಮೂರು ವರ್ಷ ತೊಳೆದು ತೊಳೆದು ತಮ್ಮನಿಗೆ ದಾಟಿಸಿದ ಯೂನಿಫಾರ್ಮಿನಲ್ಲಿ ಉಳಿಯುವಷ್ಟು ಇತ್ತು. ಮಿಕ್ಕಿದ್ದೆಲ್ಲ ಆರಿದ ಒಲೆಯ ಬಣ್ಣ.

ನೀಲವ್ವ ಅಂದರೆ ಜೇಡ. ಮೈತುಂಬ ಕೂದಲಿರುವ, ಕಾಲು ಚಾಚಿದರೆ ಅಂಗೈ ತುಂಬುವ ಟರಂಟುಲಾ. ನಾನು ಬಳ್ಳಾರಿಯವನು, ಹದಿನೇಳು ವರ್ಷದಿಂದ ಟೆಕ್ಸಸ್‌ನಲ್ಲಿ, ಡಲ್ಲಾಸ್ ಪಕ್ಕದ ಪ್ಲೇನೊದಲ್ಲಿದ್ದೇನೆ. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಬಿರುಬೇಸಿಗೆ ಅಂತ ನಾವೇ ತಮಾಷೆ ಮಾಡಿಕೊಳ್ಳುತ್ತೇವೆ. ಹಾಗಾಗಿ ಟೆಕ್ಸಸ್ಸಿನ ಜುಲೈ ನನಗೆ ಹೊಸದೆನಿಸಲಿಲ್ಲ. ಹೊಸದೆನಿಸಿದ್ದು ಇಲ್ಲಿನ ಜನ ಜೇಡ ಸಾಕುವುದು. ನಾನೂ ಸಾಕಿದ್ದೇನೆ ಅಂತ ಮೊದಲ ಸಲ ಫೋನಿನಲ್ಲಿ ಹೇಳಿದಾಗ ಅಮ್ಮ ಅಂದದ್ದು ಇಷ್ಟು: "ಅಲ್ಲೋ, ಮನ್ಯಾಗಿನ ಜ್ಯಾಡ ಹೊಡ್ಯಾಕಂತ ನಾವು ಕಸಬರಗಿ ಇಟ್ಟೀವಿ, ನೀ ರೊಕ್ಕ ಕೊಟ್ಟು ತಂದೀಯಾ?"

ಮೊದಲನೆಯದಕ್ಕೆ ರೊಕ್ಕ ಕೊಟ್ಟಿರಲಿಲ್ಲ. 2018ರಲ್ಲಿ ಊರು ಬಿಡುತ್ತಿದ್ದ ಸಹೋದ್ಯೋಗಿಯೊಬ್ಬ ತನ್ನ ಜೇಡವನ್ನು ನನ್ನ ತಲೆಗೆ ಕಟ್ಟಿಹೋದ. ಮಧ್ಯ ಅಮೆರಿಕದ ಗುಂಗುರು ಕೂದಲಿನ ಜಾತಿ, ಟ್ಲಿಲ್ಟೊಕಾಟಲ್ ಆಲ್ಬೊಪಿಲೋಸಸ್. ಆ ಹೆಸರು ಬಾಯಿಗೆ ಹತ್ತುವಷ್ಟರಲ್ಲಿ ಜೇಡಕ್ಕೇ ವಯಸ್ಸಾಗುತ್ತದೆ ಎಂದು ನಾವು ಗುಂಡ ಅಂತ ಕರೆದೆವು. ಅಮೆರಿಕ ಖಂಡಗಳ ಬಹಳಷ್ಟು ಟರಂಟುಲಾಗಳ ಹಾಗೆ ಗುಂಡನೂ ಹೆದರಿದಾಗ ಹಿಂಗಾಲಿನಿಂದ ಹೊಟ್ಟೆಯ ಕೂದಲು ಕೆರೆದು ಎದುರಿನವರ ಮೇಲೆ ತೂರುತ್ತಿದ್ದ. ತಾಗಿದರೆ ನಸುಗುನ್ನಿ ಕಾಯಿ ಉಜ್ಜಿದಂತೆ ತುರಿಕೆ. ಹಾಗೆ ಕೆರೆದು ಕೆರೆದು ಅವನ ಹೊಟ್ಟೆಯ ಮೇಲೊಂದು ಬೋಳು ಮಚ್ಚೆ ಬಿದ್ದಿತ್ತು. ನಮ್ಮ ಮನೆಗೆ ಬಂದ ನಾಲ್ಕನೇ ತಿಂಗಳಿಗೆ ಊಟ ಬಿಟ್ಟ, ತಿಳಿಗುಲಾಬಿಯಾಗಿದ್ದ ಆ ಬೋಳು ದಿನದಿಂದ ದಿನಕ್ಕೆ ಕಪ್ಪಾಗತೊಡಗಿತು. ಕೊಳೆಯುತ್ತಿದೆ ಅಂತ ಹೆದರಿದೆ. ಹಳೇ ಚರ್ಮದ ಕೆಳಗೆ ತಯಾರಾಗಿದ್ದ ಹೊಸ ಕೂದಲು ಆ ತೆಳು ಜಾಗದಲ್ಲಿ ಕಾಣುತ್ತಿತ್ತು, ಅಷ್ಟೇ.

ಒಂದು ರಾತ್ರಿ ನೋಡಿದರೆ ಗುಂಡ ಅಂಗಾತ ಬಿದ್ದಿದ್ದಾನೆ. ಹೆಂಡತಿ ಪ್ಲಾಸ್ಟಿಕ್ ಚೀಲ ತಂದೇಬಿಟ್ಟಳು. ಸಾಯುವ ಟರಂಟುಲಾ ಹಾಗೆ ಅಂಗಾತ ಮಲಗುವುದಿಲ್ಲ, ಕಾಲುಗಳನ್ನು ಹೊಟ್ಟೆಯಡಿ ಮುದುಡಿಕೊಂಡು ಕೂತಲ್ಲೇ ಹೋಗುತ್ತದೆ ಎನ್ನುವುದು ನಮಗೆ ಆಗ ಗೊತ್ತಿರಲಿಲ್ಲ. ಚೀಲ ಹಿಡಿದು ನಿಂತಿದ್ದಾಗಲೇ ಅವನ ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದಂತೆ ಬಿಚ್ಚಿಕೊಂಡಿತು. ಆಮೇಲಿನ ಒಂದೂವರೆ ಗಂಟೆ ನಾವು ಅಲ್ಲಾಡಲಿಲ್ಲ. ಮಳೆಯಲ್ಲಿ ನೆನೆದ ಪ್ಯಾಂಟಿನಿಂದ ಕಾಲು ಎಳೆದುಕೊಳ್ಳುತ್ತೇವಲ್ಲ, ಹಾಗೆ ಎಂಟು ಕಾಲುಗಳನ್ನೂ ಸ್ವಲ್ಪ ಸ್ವಲ್ಪವೇ ಎಳೆದುಕೊಂಡ. ಹಾಲು ಜಾಸ್ತಿಯಾದ ಕಾಫಿಯ ಬಣ್ಣದಲ್ಲಿ ಮಲಗಿದ್ದವನು ಗಟ್ಟಿ ಡಿಕಾಕ್ಷನ್ ಬಣ್ಣದಲ್ಲಿ ಎದ್ದ. ಬೋಳು ತುಂಬಿತ್ತು, ಉದ್ದ ಕೂದಲಿನ ತುದಿಗೆ ಚಿನ್ನದ ಗುಂಗುರು. ವಿಷದ ಹಲ್ಲುಗಳು ಮಾತ್ರ ಹಾಲುಹಲ್ಲಿನಷ್ಟು ಬೆಳ್ಳಗಿದ್ದವು. ಅವು ಕೆಂಪಾಗಿ, ಆಮೇಲೆ ಕಪ್ಪಾಗಿ ಗಟ್ಟಿಯಾಗುವವರೆಗೆ ಊಟ ಹಾಕಬಾರದು. ಹಾಕಿದರೆ ಆ ಹುಳವೇ ಮೆತ್ತಗಿನ ಜೇಡವನ್ನು ಕಚ್ಚಬಹುದು.

ಹೀಗೆ ಒಂದು ಸೂತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು: ಪೊರೆಗೆ ಮುಂಚೆ ಮಂಕು, ಪೊರೆಯಾದ ಮೇಲೆ ಫಳಫಳ. ಗುಂಡನ ಮಟ್ಟಿಗೆ ಅದು ಸುಳ್ಳಲ್ಲ. ಒಂದು ಜೇಡ ನೋಡಿ ಜೇಡಕುಲಕ್ಕೆಲ್ಲ ಸೂತ್ರ ಬರೆದುಕೊಂಡೆನಲ್ಲ, ಅಲ್ಲೇ ಎಡವಿದ್ದು.

ನೀಲವ್ವನನ್ನು ಕೊಂಡದ್ದು ಬಣ್ಣಕ್ಕಲ್ಲ, ಹೆಸರಿಗೆ. ಮಾರಾಟದ ಪಟ್ಟಿಯೊಂದರಲ್ಲಿ 'ಗೂಟಿ ಸಫೈರ್' ಅಂತ ಕಂಡಿತು. ಗೂಟಿ? ಎರಡು ಸಲ ಓದಿದ ಮೇಲೆ ಹೊಳೆಯಿತು, ಇದು ನಮ್ಮ ಗುತ್ತಿ! ಬಳ್ಳಾರಿಯಲ್ಲಿ ರೈಲು ಹತ್ತಿ ಗುಂತಕಲ್ ದಾಟಿದರೆ ಬರುವ ಗುತ್ತಿ. ಚಿಕ್ಕಂದಿನಲ್ಲಿ ತಿರುಪತಿಗೆ ಹೋಗುವಾಗ ಅಪ್ಪ ಕಿಟಕಿಯಿಂದ ಬೆರಳು ಮಾಡಿ ಗುತ್ತಿ ಕೋಟೆಯ ಬೆಟ್ಟ ತೋರಿಸುತ್ತಿದ್ದ. ನನಗೆ ಬೆಟ್ಟಕ್ಕಿಂತ ಬುತ್ತಿಯ ಮೊಸರನ್ನದ ಮೇಲೆ ಕಣ್ಣು. ಆ ಊರಿನ ಹೆಸರು ಹೊತ್ತ ನೀಲಿ ಜೇಡ ಅರ್ಧ ಭೂಮಿ ದಾಟಿ ಟೆಕ್ಸಸ್‌ನಲ್ಲಿ ಮರಿ ಹಾಕಿದೆ ಅಂದರೆ ಬಿಡುವುದು ಹೇಗೆ?

ಓದುತ್ತಾ ಹೋದರೆ ಆ ಹೆಸರೇ ತಪ್ಪು. 1899ರಲ್ಲಿ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರೆಜಿನಾಲ್ಡ್ ಪೊಕಾಕ್ ಈ ಜೇಡಕ್ಕೆ ಪೊಸಿಲೋಥೀರಿಯಾ ಮೆಟಾಲಿಕಾ ಎಂದು ನಾಮಕರಣ ಮಾಡಿದಾಗ ಅವನ ಮುಂದಿದ್ದದ್ದು ಒಂದೇ ಮಾದರಿ, ಗುತ್ತಿಯ ರೈಲ್ವೆ ಮರದ ಡಿಪೋದಲ್ಲಿ ಸಿಕ್ಕಿದ್ದು. ಆಮೇಲೆ ಸುಮಾರು 100 ವರ್ಷ ಅದರ ಸುಳಿವೇ ಇಲ್ಲ. 2001ರಲ್ಲಿ ಮತ್ತೆ ಸಿಕ್ಕಿತು, ಆದರೆ ಗುತ್ತಿಯಲ್ಲಲ್ಲ. ಅಲ್ಲಿಂದ ನೂರು ಕಿಲೋಮೀಟರಿನಷ್ಟು ಆಚೆ, ನಂದ್ಯಾಲ ಮತ್ತು ಗಿದ್ದಲೂರಿನ ನಡುವಿನ ಕಾಡಿನಲ್ಲಿ, ಹಳೇ ಮರಗಳ ಪೊಟರೆಗಳಲ್ಲಿ. ಪೊಕಾಕ್‌ನ ಕೈಗೆ ಸಿಕ್ಕಿದ್ದು ಬಹುಶಃ ದಿಮ್ಮಿಯ ಜೊತೆ ಗೂಡ್ಸ್ ಗಾಡಿ ಹತ್ತಿ ಬಂದ, ಟಿಕೆಟ್ಟಿಲ್ಲದ ಪ್ರಯಾಣಿಕ. ಗುತ್ತಿಯಲ್ಲಿ ಇಳಿದದ್ದೇ ಗುತ್ತಿಯವನಾಗಿಬಿಟ್ಟ. ನಮ್ಮಲ್ಲೂ ಎಷ್ಟು ಜನರ ಅಡ್ಡಹೆಸರು ಹೀಗೇ ಆಗಿಲ್ಲ? ಇದೇ ಕುಲದ ಇನ್ನೊಂದಕ್ಕೆ, ಪೊಸಿಲೋಥೀರಿಯಾ ಸ್ಟ್ರಯೇಟಾಕ್ಕೆ, ಸಾಕುವವರ ನಡುವೆ 'ಮೈಸೂರು ಆರ್ನಮೆಂಟಲ್' ಎಂದು ಹೆಸರು. ಗುತ್ತಿಯ ನೀಲಿ ಇರುವ ಕಾಡು ತುಂಡುತುಂಡಾಗಿದೆ. ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಎಂದು ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಅದು ತೀರಾ ಅಳಿವಿನಂಚಿನ ಜೀವಿ. 2019ರಲ್ಲಿ ಇಡೀ ಪೊಸಿಲೋಥೀರಿಯಾ ಕುಲವನ್ನೇ, ದೇಶದೇಶಗಳ ನಡುವಿನ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧಕ್ಕೆ ಸೇರಿಸಿದರು. ನಾನು ತಂದದ್ದು ಇಲ್ಲೇ ಸಾಕಿದ ಜೋಡಿಗೆ ಇಲ್ಲೇ ಹುಟ್ಟಿದ ಮರಿ. ಊರಿನ ಆ ಕಾಡಿಂದ ಒಂದನ್ನು ಹಿಡಿದು ತರುವುದು ಕಾನೂನಿಗೂ ದೂರ, ನನ್ನ ಮನಸ್ಸಿಗೂ ದೂರ.

2020ರ ಜೂನ್, ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದ ಕಾಲ. ಪಾರ್ಸೆಲ್ ಬಂತು. ಥರ್ಮಕೋಲ್ ಡಬ್ಬಿಯೊಳಗೆ ಕಾಗದ, ಕಾಗದದೊಳಗೆ ಪುಟ್ಟ ಸೀಸೆ, ಸೀಸೆಯೊಳಗೆ ಒದ್ದೆ ಟಿಶ್ಯೂ, ಅದರ ಮಡಿಕೆಯಲ್ಲಿ ಹೆಸರುಕಾಳಿನಷ್ಟು ಮೈ. ಕಾಲು ಚಾಚಿದರೆ ಎರಡು ಸೆಂಟಿಮೀಟರ್. ಎಂಟು ವರ್ಷದ ಮಗಳು ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿ, "ಅಪ್ಪಾ, ಮೋಸ" ಅಂದಳು. ನೀಲಿ ಎಲ್ಲೂ ಇರಲಿಲ್ಲ. ಎರೆಹೊಲದ ಹಾದಿಯ ದೂಳಿನ ಬಣ್ಣ, ಬೆಳಕು ಓರೆಯಾಗಿ ಬಿದ್ದಾಗ ಒಂಚೂರು ನೇರಳೆ ಇರಬಹುದೇನೋ ಎನ್ನುವ ಅನುಮಾನ. ಮುಂದೆ ಬರುತ್ತೆ ಕಣೇ ಅಂದೆ. ಆ ನಂಬಿಕೆಯ ಮೇಲೇ ಹೆಸರಿಟ್ಟೆವು. ನೀಲವ್ವ ನನ್ನ ಅಜ್ಜಿಯ ಹೆಸರು, ಅಂದರೆ ಅಮ್ಮನ ಅತ್ತೆಯದು. ಜೇಡಕ್ಕೆ ಆ ಹೆಸರಿಟ್ಟೆವು ಎಂದಾಗ ಅಮ್ಮ ಬೈಯುತ್ತಾಳೆ ಅಂತ ಕಾದೆ. ಅಮ್ಮ ಒಂದು ಗಳಿಗೆ ಸುಮ್ಮನಿದ್ದು, "ಸರಿಯಾಗೇ ಐತಿ ಬಿಡು" ಅಂದಳು.

ಮೊದಮೊದಲು ಒಂದೂವರೆ ಎರಡು ತಿಂಗಳಿಗೊಮ್ಮೆ ಪೊರೆ. ಇವಳು ಗುಂಡನ ಹಾಗೆ ಬಯಲಲ್ಲಿ ಅಂಗಾತ ಮಲಗಿ ಪ್ರದರ್ಶನ ಕೊಡುವವಳಲ್ಲ. ಮರದ ಜೇಡ, ನೆಟ್ಟಗೆ ನಿಲ್ಲಿಸಿದ ಕಾರ್ಕ್ ತೊಗಟೆಯ ಹಿಂದೆ ಬಲೆಯ ಪರದೆ ಕಟ್ಟಿಕೊಂಡು ಒಳಗೇ ಎಲ್ಲ ಮುಗಿಸಿ, ನಾಲ್ಕಾರು ದಿನದ ಮೇಲೆ ಪೊರೆಯನ್ನು ಕಸದಂತೆ ಹೊರಕ್ಕೆ ತಳ್ಳುತ್ತಿದ್ದಳು. ಬೆಳಿಗ್ಗೆ ಎದ್ದು ಗೂಡಿನ ತಳ ನೋಡುವುದು ಮಗಳಿಗೆ ಅಭ್ಯಾಸವಾಯಿತು, ನಮ್ಮೂರಲ್ಲಿ ಬಾಗಿಲಿಗೆ ಬಿದ್ದ ಪೇಪರ್ ನೋಡುವ ಹಾಗೆ. ಸಿಕ್ಕ ಪೊರೆಯನ್ನು ಏಳು ಖಾನೆಯ ಮಾತ್ರೆ ಡಬ್ಬಿಯಲ್ಲಿ ಇಡತೊಡಗಿದಳು. ಭಾನುವಾರದ ಖಾನೆಯಲ್ಲಿ ದೂಳು ಬಣ್ಣ, ಸೋಮವಾರದ್ದೂ ದೂಳೇ. ಮಂಗಳವಾರಕ್ಕೆ ಕಾಲಿನ ನಡುಗೆಣ್ಣಿನ ಮೇಲೆ ಮಸಿ ನೀರಿಗೆ ಬಿದ್ದಂತೆ ತಿಳಿನೀಲಿ. ಬುಧವಾರ ಅದು ಬೆನ್ನಿಗೇರಿತ್ತು. ಗುರುವಾರದ ಪೊರೆ ಖಾನೆಗೆ ಹಿಡಿಸದೆ ಮುಚ್ಚಳ ಒತ್ತಿದಾಗ ಒಂದು ಕಾಲು ಮುರಿಯಿತು, ಮಗಳು ಅತ್ತಳು. ಅಲ್ಲಿಂದ ಮುಂದಿನವು ಧಾರವಾಡ ಪೇಢೆಯ ಡಬ್ಬಿಗೆ ಹೋದವು.

ಈ ಪೊರೆಗಳನ್ನು ಕೈಯಲ್ಲಿ ಹಿಡಿದು ನೋಡಬೇಕು. ಹಾವಿನ ಪೊರೆ ಬಣ್ಣಗೆಟ್ಟ ಪ್ಲಾಸ್ಟಿಕ್‌ನಂತಿರುತ್ತದೆ. ಇದು ಹಾಗಲ್ಲ, ಕೂದಲ ಸಮೇತ ಕಳಚಿ ಬರುವುದರಿಂದ ಹಾಗೇ ನೀಲಿ. ಜೇಡ ಒಳಗಿಲ್ಲ ಅಷ್ಟೇ, ಬಣ್ಣ ಪೂರ್ತಿ ಇದೆ. ಒಂದು ಸಂಜೆ ಒಂದು ಕಾಲನ್ನು ಚಿಮಟದಲ್ಲಿ ಹಿಡಿದು ಮೇಜಿನ ದೀಪಕ್ಕೆ ಅಡ್ಡವಾಗಿ ಎತ್ತಿದೆ. ಬೆಳಕು ಈ ಕಡೆಯಿಂದ ಬಿದ್ದಾಗ ನೀಲಿ; ಆ ಕಡೆಯಿಂದ ತೂರಿ ಬಂದಾಗ ಬರೀ ಕಂದು, ಬೆಲ್ಲದ ಪಾಕದ ಹಾಗೆ. ಇದನ್ನು ನಾನು ಮೊದಲೇ ನೋಡಿದ್ದೆ. ಹೈಸ್ಕೂಲಿನಲ್ಲಿದ್ದಾಗ ಹಗರಿ ಹೊಳೆಯ ಕಡೆ ಬಿದ್ದಿದ್ದ ನೀಲಕಂಠದ ಗರಿ ಹೆಕ್ಕಿ ತಂದು, ಪುಸ್ತಕದಲ್ಲಿಟ್ಟು, ಬೇಜಾರಾದಾಗೆಲ್ಲ ಕಿಟಕಿಗೆ ಅಡ್ಡ ಹಿಡಿದು ನೀಲಿ ಮಾಯ ಮಾಡುತ್ತಿದ್ದೆ. ಎರಡರದೂ ಒಂದೇ ಗುಟ್ಟು: ಅಲ್ಲಿ ನೀಲಿ ಬಣ್ಣ ಎನ್ನುವ ವಸ್ತುವೇ ಇಲ್ಲ. ಕೂದಲೊಳಗಿನ ಅತಿ ಸೂಕ್ಷ್ಮ ರಚನೆ ಬೆಳಕಿನ ನೀಲಿಯನ್ನು ಮಾತ್ರ ಹಿಂದಕ್ಕೆ ಎಸೆಯುತ್ತದೆ. 2015ರಲ್ಲಿ ಸೈನ್ಸ್ ಅಡ್ವಾನ್ಸಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ ಟರಂಟುಲಾಗಳಲ್ಲಿ ಇಂಥ ನೀಲಿ ಕನಿಷ್ಠ 8 ಸಲ ಬೇರೆ ಬೇರೆಯಾಗಿ ಹುಟ್ಟಿದೆ. ಒಳಗಿನ ರಚನೆಗಳು ಬೇರೆ ಬೇರೆ. ಹೊರಗೆ ಬರುವ ನೀಲಿ ಮಾತ್ರ ಹೆಚ್ಚುಕಡಿಮೆ ಒಂದೇ, 450 ನ್ಯಾನೊಮೀಟರ್ ತರಂಗಾಂತರದ ಆಸುಪಾಸು.

ಇದನ್ನು ಓದಿದ್ದವನಾಗಿ ನನಗೆ ಮುಂದೆ ಎಲ್‌ಇಡಿ ದೀಪದ ಮೇಲೆ ಅನುಮಾನ ಬರಬಾರದಿತ್ತು. ಬಣ್ಣದ ಪುಡಿಯೇ ಇಲ್ಲದ ಮೇಲೆ ಹದಿನೈದು ದಿನದ ದೀಪಕ್ಕೆ ಬಿಳಿಚುವುದೇನು ಬಂತು? ಆದರೆ ಗಾಬರಿಯಾದವನಿಗೆ ಓದಿದ್ದು ನೆನಪಿರುತ್ತದೆಯೇ.

ಗಂಡೋ ಹೆಣ್ಣೋ ತಿಳಿಯುವುದೂ ಪೊರೆಯಿಂದಲೇ. ಹೊಟ್ಟೆಯ ಭಾಗದ ಚರ್ಮ ಒದ್ದೆ ಕರ್ಚೀಫಿನಂತೆ ಮುದ್ದೆಯಾಗಿರುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಾಕಿ, ನೆನೆಸಿ, ಕುಂಚದ ಹಿಂತುದಿಯಿಂದ ಮೆಲ್ಲಗೆ ಬಿಡಿಸಿ ಹರಡಬೇಕು. ಉಸಿರಾಡುವ ನಾಲ್ಕು ಬಿಳಿ ಪಟ್ಟಿಗಳು ಕಾಣುತ್ತವೆ. ಮೇಲಿನ ಎರಡರ ನಡುವೆ ಸಣ್ಣ ಜೇಬಿನಂಥ ಮಡಿಕೆ ಎದ್ದು ನಿಂತಿದ್ದರೆ ಹೆಣ್ಣು. 2021ರ ಚಳಿಗಾಲದ ಪೊರೆಯಲ್ಲಿ ನನಗೆ ಮಡಿಕೆ ಕಂಡಿತು. ಕಂಡಿತೋ, ಕಾಣಬೇಕು ಅಂತ ಕಂಡೆನೋ. ಈಗ ಅದೇ ಫೋಟೋ ದೊಡ್ಡದು ಮಾಡಿ ನೋಡಿದರೆ ಅದು ಚರ್ಮ ಸರಿಯಾಗಿ ಬಿಡಿಸಿಕೊಳ್ಳದೆ ಉಳಿದ ಸುಕ್ಕು, ಇಸ್ತ್ರಿ ತಪ್ಪಿದ ಅಂಗಿಯ ಗೆರೆ. ಆ ದಿನ ಮಾತ್ರ ಹೆಣ್ಣು ಎಂದು ಸಾರಿದೆ. ಹೆಣ್ಣಾದರೆ ಹತ್ತು ಹನ್ನೆರಡು ವರ್ಷ ಬದುಕುತ್ತಾಳೆ. "ನೀನು ಕಾಲೇಜಿಗೆ ಹೋಗುವಾಗಲೂ ನೀಲವ್ವ ಇರ್ತಾಳೆ" ಅಂತ ಮಗಳಿಗೆ ಮಾತು ಕೊಟ್ಟೆ. ಕೊಡಬಾರದಿತ್ತು.

2022ರ ಬೇಸಿಗೆಯ ಹೊತ್ತಿಗೆ ನೀಲವ್ವ ನಿಜಕ್ಕೂ ನೋಡುವಂತಿದ್ದಳು. ರಾತ್ರಿ ಹತ್ತರ ಮೇಲೆ ತೊಗಟೆಯ ಅಂಚಿಗೆ ಬಂದು ಕೂತರೆ ಕಾಲುಗಳು ಇಂಡಿಗೋ, ಹೊಟ್ಟೆಯ ಮೇಲೆ ಬೆಳ್ಳಿಯಲ್ಲಿ ಬಿಡಿಸಿದ ಎಲೆಯಂಥ ಚಿತ್ತಾರ, ಮುಂಗಾಲುಗಳ ಅಡಿಯಲ್ಲಿ ಕಣ್ಣಿಗೆ ಹೊಡೆಯುವ ಹಳದಿ. ಆ ಹಳದಿ ನಮಗೆ ಕಾಣುವುದು ಅವಳು ಸಿಟ್ಟಿನಲ್ಲಿ ಕಾಲೆತ್ತಿದಾಗ ಮಾತ್ರ. ಈ ಜಾತಿಗೆ ತೂರುವ ಕೂದಲಿಲ್ಲ. ಇದರ ಮಾತೆಲ್ಲ ಹಲ್ಲಿನಲ್ಲೇ. ಕಚ್ಚಿದರೆ ಜೀವ ಹೋಗುವುದಿಲ್ಲವಾದರೂ ದಿನಗಟ್ಟಲೆ ಸ್ನಾಯು ಹಿಡಿದುಕೊಂಡು ನರಳಿದವರಿದ್ದಾರೆ. ನಾನು ಒಂದು ದಿನವೂ ಕೈಯಲ್ಲಿ ಹಿಡಿದವನಲ್ಲ. ಉದ್ದ ಚಿಮಟ, ಅಡ್ಡ ಹಿಡಿಯಲು ಒಂದು ಡಬ್ಬಿ, ಇಷ್ಟೇ ನಮ್ಮ ನಡುವಿನ ಸಂಬಂಧ.

ಜೂನ್ ಕೊನೆಗೆ ಊಟ ಬಿಟ್ಟಳು. ಕ್ರಿಕೆಟ್ ಹುಳ ಹಾಕಿದರೆ ಅದು ಅವಳ ಕಾಲ ಮೇಲೇ ಹತ್ತಿ ಇಳಿಯಿತು. ಜುಲೈ, ಆಗಸ್ಟ್ ಹೀಗೇ ಹೋಯಿತು. ದೊಡ್ಡ ಪೊರೆ ಬರುತ್ತಿದೆ, ಈ ಸಲದ ನೀಲಿ ನೋಡಬೇಕು ಅಂತ ಆ ಎಲ್‌ಇಡಿ ಪಟ್ಟಿ ತಂದು ಅಂಟಿಸಿದ್ದೇ ಅದಕ್ಕಾಗಿ. ಸೆಪ್ಟೆಂಬರ್ ಕೊನೆಯ ವಾರ ಬೆಳಿಗ್ಗೆ ಮಗಳು ಕೂಗಿದಳು. ಗೂಡಿನ ತಳದಲ್ಲಿ ಪೊರೆ ಬಿದ್ದಿತ್ತು, ಅಪ್ಪಟ ನೀಲಿ. ತೊಗಟೆಯ ಮೇಲೆ ಕೂತಿದ್ದದ್ದು ಬೂದು.

ಮನಸ್ಸಿಗೆ ಬಂದ ಮೊದಲ ವಿಚಾರ ನಾಚಿಕೆಗೇಡಿನದು: ಯಾರೋ ಜೇಡ ಬದಲಾಯಿಸಿದ್ದಾರೆ. ಎರಡನೆಯದು ದೀಪ. ಮೂರನೆಯದು ಊಟ, ನಡುವೆ ಕ್ರಿಕೆಟ್ ಬಿಟ್ಟು ಜಿರಳೆ ಹಾಕಿದ್ದೆ, ಅದರಿಂದಲೋ ಏನೋ. ನೀರು ಚಿಮುಕಿಸಿದ್ದು ಕಮ್ಮಿಯಾಯಿತೇ, ಪೊರೆ ಸಿಕ್ಕಿಕೊಂಡಿತೇ, ಹೊಟ್ಟೆ ಯಾಕೆ ಇಷ್ಟು ಸಣ್ಣದಾಗಿದೆ? ಕಾಲುಗಳು ಬಡಕಲಾಗಿ ಉದ್ದವಾಗಿದ್ದವು. ಹಸಿದು ಕೃಶವಾಗಿದ್ದಾಳೆ ಅಂದುಕೊಂಡು ಹಲ್ಲು ಕಪ್ಪಾಗುವುದನ್ನೇ ಕಾದು, ಎರಡು ವಾರದ ಮೇಲೆ ಹುಳ ಹಾಕಿದೆ. ತಿರುಗಿ ನೋಡಲಿಲ್ಲ. ಬದಲಿಗೆ ರಾತ್ರಿಯಿಡೀ ನಡೆದಾಡತೊಡಗಿದಳು. ಎರಡು ವರ್ಷ ತೊಗಟೆ ಬಿಟ್ಟು ಕದಲದವಳು ಗಾಜಿನ ನಾಲ್ಕು ಗೋಡೆಗೂ ಪ್ರದಕ್ಷಿಣೆ. ದೀಪ ಕಿತ್ತು ಹಾಕಿದೆ. ನಡಿಗೆ ನಿಲ್ಲಲಿಲ್ಲ, ನೀಲಿಯೂ ಮರಳಲಿಲ್ಲ.

ಪಕ್ಕದ ಊರಿನಲ್ಲಿ ಒಬ್ಬ ನಿವೃತ್ತ ವಿಜ್ಞಾನ ಮೇಷ್ಟ್ರಿದ್ದಾರೆ, ಮೂವತ್ತು ವರ್ಷದಿಂದ ಜೇಡ ಸಾಕುವವರು. ಅವರಿಗೆ ಫೋಟೋ ಕಳಿಸಿ, ನಾಲ್ಕು ಪ್ಯಾರಾ ಬರೆದು, ದೀಪದ ವ್ಯಾಟೂ ಸೇರಿಸಿದ್ದೆ. ಒಂದೇ ಸಾಲಿನ ಉತ್ತರ ಬಂತು: ಬಣ್ಣ ಬಿಡು, ಕೈ ನೋಡು.

ಕೈ ಅಂದರೆ ಬಾಯಿಯ ಎರಡೂ ಪಕ್ಕ ಇರುವ ಗಿಡ್ಡ ಕಾಲಿನಂಥವು, ಪೆಡಿಪಾಲ್ಪ್. ಟಾರ್ಚ್ ಹಾಕಿ ನೋಡಿದೆ. ಮೊದಲು ಅವುಗಳ ತುದಿ ಉಳಿದ ಕಾಲಿನಂತೆ ಸಪಾಟಾಗಿತ್ತು; ಈಗ ಎರಡೂ ಬಾಕ್ಸಿಂಗ್ ಗ್ಲೌಸ್ ತೊಟ್ಟಂತೆ ಉಬ್ಬಿ ಒಳಕ್ಕೆ ಮಡಿಸಿಕೊಂಡಿದ್ದವು. ಗಂಡು. ಬರೀ ಗಂಡಲ್ಲ, ಪ್ರಾಯಕ್ಕೆ ಬಂದ ಗಂಡು. ಅನೇಕ ಜಾತಿಗಳಲ್ಲಿ ಮುಂಗಾಲಿಗೆ ಕೊಕ್ಕೆಯೂ ಮೂಡುತ್ತದೆ, ಅದು ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಪೊಸಿಲೋಥೀರಿಯಾಗಳಿಗೆ ಆ ಕೊಕ್ಕೆ ಇಲ್ಲ. ಈ ಜಾತಿಯ ಗಂಡು ಕೊನೆಯ ಪೊರೆಯಲ್ಲಿ ನೀಲಿಯನ್ನು ಬಹುಪಾಲು ಕಳೆದುಕೊಳ್ಳುತ್ತದೆ. ರೋಗವಲ್ಲ, ಹಸಿವಲ್ಲ, ದೀಪವಂತೂ ಅಲ್ಲ.

ನಾನು ಆ ಭಾನುವಾರವೇ ಮೇಷ್ಟ್ರ ಮನೆಗೆ ಹೋದೆ. ಗ್ಯಾರೇಜಿನಲ್ಲಿ ಗೂಡುಗಳ ಕಪಾಟು. ಒಂದು ಸೀಸೆಯಲ್ಲಿ ಮಾರ್ಟಿನಿಕ್ ದ್ವೀಪದ ಕ್ಯಾರಿಬೀನಾ ವರ್ಸಿಕಲರ್ ಮರಿ, ಕಣ್ಣು ಕುಕ್ಕುವ ನೀಲಿ. ಪಕ್ಕದ ಗೂಡಿನಲ್ಲಿ ಅದರದೇ ಜಾತಿಯ ದೊಡ್ಡದು: ಬೆನ್ನು ಹಸಿರು, ಹೊಟ್ಟೆ ಕೆಂಪು, ನೀಲಿ ಹೇಳಹೆಸರಿಲ್ಲ. ನಮ್ಮದಕ್ಕೆ ಪೂರಾ ಉಲ್ಟಾ. ಅದರ ಕೆಳಗೆ ವೆನೆಜುವೆಲಾದ ಕ್ರೊಮಟೊಪೆಲ್ಮಾ; ಮರಿಯಲ್ಲಿ ಹೊಟ್ಟೆಯ ಮೇಲೆ ಹುಲಿಪಟ್ಟೆ, ಬೆಳೆದ ಮೇಲೆ ಪಟ್ಟೆ ಅಳಿಸಿ ಬರೀ ಕಿತ್ತಳೆ, ಕಾಲಿಗೆ ನೀಲಿ. ಮರಿಯ ಬಣ್ಣ ನೋಡಿ ಕೊಂಡವರು ವರ್ಷದ ಮೇಲೆ ತನಗೆ ಮೋಸವಾಯಿತು ಅಂತ ಮಾರಿದವನ ಹತ್ತಿರ ಜಗಳಕ್ಕೆ ಹೋಗುವುದುಂಟಂತೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಅವರ ಮೆಟಾಲಿಕಾ ಹೆಣ್ಣು, ಆರು ವರ್ಷದವಳು. ನೀಲವ್ವನಿಗೆ ಬರಬೇಕು ಅಂತ ನಾನು ಅಂದುಕೊಂಡಿದ್ದ ನೀಲಿಯೆಲ್ಲ ಅವಳ ಮೈಮೇಲಿತ್ತು. ಹೆಣ್ಣು ಸಾಯುವವರೆಗೂ ಪೊರೆ ಬಿಡುತ್ತಾ ಹೊಸದಾಗುತ್ತಲೇ ಇರುತ್ತದೆ. ನವಿಲಿನ ಲೆಕ್ಕ ಇಲ್ಲಿ ತಲೆಕೆಳಗು.

ಯಾಕೆ ಹೀಗೆ? ಊರೂರು ಅಲೆದು ಹೆಣ್ಣು ಹುಡುಕಬೇಕಾದವನು ಮರದ ಕಾಂಡದ ಮೇಲೆ ಎದ್ದು ಕಾಣದಿರುವುದೇ ಲೇಸು ಎನ್ನುವುದು ನನ್ನ ಊಹೆ, ಅದಕ್ಕೆ ಆಧಾರ ಏನೂ ಇಲ್ಲ. ಹೆಣ್ಣಿಗೆ ಅವನ ಬಣ್ಣ ಕಾಣುತ್ತದೆಯೇ ಎನ್ನುವುದೂ ಇನ್ನೂ ಚರ್ಚೆಯಲ್ಲೇ ಇದೆ. ಟರಂಟುಲಾಗಳದು ಮಂದದೃಷ್ಟಿ ಅಂತ ಬಹಳ ಕಾಲ ನಂಬಿದ್ದರು, 2020ರಲ್ಲಿ ಅವುಗಳ ಕಣ್ಣಿನಲ್ಲಿ ಬಣ್ಣ ಗುರುತಿಸಲು ಬೇಕಾದ ಪ್ರೋಟೀನುಗಳ ಜೀನುಗಳು ಕೆಲಸ ಮಾಡುತ್ತಿವೆ ಎಂದು ತೋರಿಸಿದ ಅಧ್ಯಯನ ಬಂತು.

ಇಲ್ಲಿನ ಹಳ್ಳಿರಸ್ತೆಗಳಲ್ಲಿ ಟೆಕ್ಸಸ್ಸಿನ ಕಂದು ಟರಂಟುಲಾಗಳು ನಿಧಾನವಾಗಿ ರಸ್ತೆ ದಾಟುವುದನ್ನು ಎಷ್ಟೋ ಸಲ ಕಾರು ನಿಲ್ಲಿಸಿ ಮಗಳಿಗೆ ತೋರಿಸಿದ್ದೆ. ಇವೆಲ್ಲ ಗಂಡು, ಹೆಣ್ಣು ಹುಡುಕಿಕೊಂಡು ಹೊರಟಿವೆ, ಇದೇ ಇವುಗಳ ಕೊನೆಯ ವರ್ಷ ಅಂತ ಪಾಠವನ್ನೂ ಹೇಳಿದ್ದೆ. ಮನೆಯೊಳಗೆ ಅದೇ ನಡಿಗೆ ಶುರುವಾದಾಗ ನನಗೆ ತಿಳಿಯಲಿಲ್ಲ. ಮಗಳಿಗೆ ತಿಳಿಯಿತು. ಗಂಡು ಅಂತ ಹೇಳಿದ ಕೂಡಲೇ ಅವಳು ಕೇಳಿದ್ದು ಬಣ್ಣದ ಬಗ್ಗೆ ಅಲ್ಲ. "ಹಾಗಾದ್ರೆ ಎಷ್ಟು ದಿನ?" ಅಂದಳು. ಒಂದು ವರ್ಷ ಇರಬಹುದು ಅಂದೆ. ಹೋಗಿ ಮಾತ್ರೆ ಡಬ್ಬಿ ತಂದು ಮೇಜಿನ ಮೇಲಿಟ್ಟು, ಒಂದೊಂದೇ ಖಾನೆ ತೆರೆದು ಮುಚ್ಚುತ್ತಾ ಕೂತಳು. ಆಮೇಲೆ ಹೆಸರಿನ ಪ್ರಶ್ನೆ ಬಂತು. ನೀಲಪ್ಪ ಅನ್ನೋಣವೇ ಎಂದು ನಾನು ನಗಿಸಲು ನೋಡಿದೆ, ಬೇಡ ಅಂದಳು. ಅವನು ನೀಲವ್ವನಾಗಿಯೇ ಉಳಿದ.

ಅಕ್ಟೋಬರಿನ ಒಂದು ರಾತ್ರಿ ಅವನು ಗೂಡಿನ ಮೂಲೆಯಲ್ಲಿ ಪುಟ್ಟ ಜೋಲಿಯಂಥ ಬಲೆ ನೇಯುವುದನ್ನು ನೋಡಿದೆ. ಅದರ ಅಡಿಯಲ್ಲಿ ತೂರಿ, ಒಂದು ಹನಿ ವೀರ್ಯ ಬಿಟ್ಟು, ಮೇಲೆ ಹತ್ತಿ, ಎರಡೂ ಕೈಗಳನ್ನು ಆ ಹನಿಗೆ ತಾಗಿಸಿ ತಾಗಿಸಿ ತೆಗೆದ. ಪೆನ್ನಿಗೆ ಇಂಕು ತುಂಬುತ್ತಿದ್ದ ನಮ್ಮ ಕಾಲದವರಿಗೆ ಬೇರೆ ಹೋಲಿಕೆ ಬೇಕಿಲ್ಲ. ಬಲೆಯನ್ನು ಆಮೇಲೆ ತಾನೇ ಕಿತ್ತು ಹಾಕಿದ.

ನವೆಂಬರಿನಲ್ಲಿ ಅವನನ್ನು ಮೇಷ್ಟ್ರ ಮನೆಗೆ ಕೊಂಡೊಯ್ದೆ. ಹೆಣ್ಣಿನ ಗೂಡಿಗೆ ಬಿಟ್ಟ ಮೇಲೆ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಅವನು ತೊಗಟೆಯ ಮೇಲೆ ಮೈ ನಡುಗಿಸಿ ತಟ್ಟತೊಡಗಿದ, ಬಾಗಿಲು ತಟ್ಟುವ ಹಾಗೆ, ನಿಲ್ಲಿಸಿ ನಿಲ್ಲಿಸಿ. ಒಳಗಿಂದ ಅವಳೂ ತಟ್ಟಿದಳು. ಟಾರ್ಚಿನ ಕೆಂಪು ಬೆಳಕಿನಲ್ಲಿ ಅವಳ ನೀಲಿ ಕಪ್ಪಾಗಿ, ಇವನ ಬೂದು ತಿಳಿಕಂದಾಗಿ ಕಾಣುತ್ತಿತ್ತು. ಬಣ್ಣದ ಜಂಬವೆಲ್ಲ ನಮ್ಮ ದೀಪ ಹಾಕಿದಾಗ ಮಾತ್ರ. ಅವಳು ಇವನನ್ನು ತಿನ್ನಲಿಲ್ಲ. ಎರಡು ವಾರ ಅಲ್ಲೇ ಬಿಟ್ಟು ವಾಪಸ್ ತಂದೆ. ವಸಂತದಲ್ಲಿ ಅವಳು ಮೊಟ್ಟೆಯ ಚೀಲ ಕಟ್ಟಿದಳು, ಮೂರನೇ ವಾರಕ್ಕೆ ತಾನೇ ತಿಂದುಬಿಟ್ಟಳು. ಹೀಗಾಗುವುದುಂಟು ಅಂದರು ಮೇಷ್ಟ್ರು. ಅವರ ಮುಖ ನೋಡಿದರೆ ನನಗಿಂತ ಅವರಿಗೇ ಹೆಚ್ಚು ಬೇಜಾರಾಗಿತ್ತು.

2023ರ ಮೇ ತಿಂಗಳಲ್ಲಿ ಅವನ ನಡಿಗೆ ತಪ್ಪತೊಡಗಿತು. ಗಾಜು ಹತ್ತುವಾಗ ಹಿಂಗಾಲು ಜಾರುತ್ತಿತ್ತು. ಬೀಳದಿರಲಿ ಅಂತ ಗೂಡಿನಲ್ಲಿ ಮಣ್ಣು ಎತ್ತರಿಸಿದೆ. ಕೊನೆಕೊನೆಗೆ ನೀರಿನ ಬಟ್ಟಲಿನ ಪಕ್ಕದಲ್ಲೇ ಇರುತ್ತಿದ್ದ. ಜುಲೈ 9ರ ಬೆಳಿಗ್ಗೆ ಕಾಲುಗಳನ್ನು ಒಳಕ್ಕೆ ಮಡಿಸಿಕೊಂಡು ಕೂತಿದ್ದ, ಅಂಗಾತ ಅಲ್ಲ. ಈ ಸಲ ಯಾರೂ ಪ್ಲಾಸ್ಟಿಕ್ ಚೀಲ ತರಲಿಲ್ಲ.

ಮಗಳು ಪೇಢೆ ಡಬ್ಬಿಯ ತಳಕ್ಕೆ ಹತ್ತಿ ಹಾಸಿ ಮಾತ್ರೆ ಡಬ್ಬಿಯಲ್ಲಿದ್ದವನ್ನೂ ಅದಕ್ಕೇ ವರ್ಗಾಯಿಸಿದಳು. ಎಡತುದಿಗೆ ಹೆಸರುಕಾಳಿನಷ್ಟು ದೂಳು, ಆಮೇಲೆ ಮಸಿ ಬಿದ್ದ ನೀರು, ಮುರಿದ ಕಾಲಿನ ಗುರುವಾರ, ಇಂಡಿಗೋ, ಸೆಪ್ಟೆಂಬರಿನ ಆ ಅಪ್ಪಟ ನೀಲಿ. ಎಲ್ಲ ಹಾಗೇ ಇವೆ, ಇವತ್ತು ಡಬ್ಬಿ ತೆರೆದರೂ ಹೊಳೆಯುತ್ತವೆ. ಬೂದು ಬಣ್ಣದ ಪೊರೆ ಮಾತ್ರ ಇಲ್ಲ. ಅದನ್ನು ಅವನು ಬಿಡಲೇ ಇಲ್ಲ. ಸಾಲಿನ ಬಲತುದಿಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ, ಚೆನ್ನಾಗಿ ಒಣಗಿಸಿ, ಅವನನ್ನೇ ಇಟ್ಟೆವು.